ಪೊಲೀಸರ ಪಟ್ಟಿಯೂ ಜನರ ಪೆಟ್ಟಿಗೆಯೂ



ಈ ಸಲದ ಮಳೆಗೆ ನಮ್ಮ ಕಚೇರಿಯ ಅಟ್ಟ ಸೋರಿತು. ಅಟ್ಟದ ಮೇಲಿದ್ದ ಹಳೆಯ ಕಾಗದಪತ್ರಗಳನ್ನೆಲ್ಲ ಕೆಳಗಿಳಿಸಿ ಅಂಗಳದ ಬಿಸಿಲಿಗೆ ಹರವಿದೆವು. ಗಿರಣಿ ಮುಷ್ಕರದ ಕರಪತ್ರಗಳು, ಸಂಘದ ವರ್ಗಣಿ ರಸೀದಿಯ ಅರ್ಧ ಹರಿದ ಪುಸ್ತಕಗಳು, ಲಾಕೌಟಿನ ನೋಟೀಸು, ಲೇಬರ್ ಕೋರ್ಟಿನ ತೀರ್ಪಿನ ನಕಲು, ಇಲಿ ಕಡಿದ ಹಾಜರಿ ಚೀಟಿಗಳು ಇವೆಲ್ಲ ಅದರಲ್ಲಿದ್ದವು. ಕಚೇರಿಯ ಹುಡುಗನೊಬ್ಬ ರದ್ದಿ ಅಂಗಡಿಯವರನ್ನು ಕರೆದುಕೊಂಡು ಬಂದ. ತಕ್ಕಡಿಯೂ ಬಂತು.

ನಾನು ಬೇಡವೆಂದೆ. ಅಮೆರಿಕದಲ್ಲಿ ಹೆಣ್ಣಾಗಿ ಬಾಳಲು ಬಯಸಿದ ಗಂಡು ಜನ್ಮದವರೂ ಗಂಡಾಗಿ ಬಾಳಲು ಬಯಸಿದ ಹೆಣ್ಣು ಜನ್ಮದವರೂ ತಮ್ಮ ಸಂಘದ ಕಾಗದಗಳನ್ನು ಹೇಗೆ ಕಾಪಾಡಿದರೆಂಬ ಕತೆ ಹೇಳತೊಡಗಿದೆ. ಹಿರಿಯ ಸಂಗಾತಿಯೊಬ್ಬರು ತಡೆದು ಹೇಳಿದರು: “ಮಾಸ್ತರ, ಗಿರಣಿ ಮುಚ್ಚೇತಿ. ಮಂದಿಗೆ ಗ್ರಾಚ್ಯುಯಿಟಿ ಬಂದಿಲ್ಲ. ನೀವು ನೋಡಿದರ ಅಮೆರಿಕದ ಹಿಜಡಾಗಳ ಕಾಗದದ ಕತಿ ಹೇಳಾಕತ್ತೀರಿ!” ಎಲ್ಲರೂ ನಕ್ಕರು. ರದ್ದಿಯವರೂ ನಕ್ಕರು.

ಆ ನಗೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಆದರೆ ನಕ್ಕವರಲ್ಲಿ ಒಬ್ಬರೂ ಒಂದು ಸಂಗತಿಯನ್ನು ಗಮನಿಸಲಿಲ್ಲ. ಗ್ರಾಚ್ಯುಯಿಟಿ ಬಾರದಿರುವುದೇ ಕಾಗದವಿಲ್ಲದ್ದರಿಂದ! ಗಿರಣಿ ಮುಚ್ಚಿದ ದಿನ ಯಾರ ಪೆಟ್ಟಿಗೆಯಲ್ಲಿ ಪಗಾರ ಚೀಟಿ ಇತ್ತೋ ಅವರು ಕೂಲಿಕಾರರೆಂದು ಗಣನೆಗೆ ಬಂದರು. ಇಪ್ಪತ್ತು ವರ್ಷ ರಾತ್ರಿ ಪಾಳಿ ದುಡಿದು ಚೀಟಿ ಕಳೆದುಕೊಂಡ ಬದಲಿ ಕಾರ್ಮಿಕ ಯಾರೂ ಅಲ್ಲದವನಾದ. ಅವನು ಅಲ್ಲಿ ದುಡಿದೇ ಇಲ್ಲವೆಂದು ಮಾಲಕರ ಪುಸ್ತಕ ಹೇಳಿತು. ಪುಸ್ತಕ ಯಾರ ಕೈಯಲ್ಲಿದೆಯೋ ಸತ್ಯವೂ ಅವರ ಕೈಯಲ್ಲಿದ್ದಂತೆ. ಕೀರ್ದಿ ಖಾತೆ ಬರೆಯುವ ಅಂಗಡಿಕಾರರಿಗೆ ಇದನ್ನು ನಾನು ಕಲಿಸಿಕೊಡಬೇಕಾಗಿಲ್ಲ.

ಡೆಕೇಟರಿನ ಕಾಗದಗಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಮಗ್ಗುಲಿಗೆ ಡೆಕೇಟರ್ ಎಂಬ ಊರಿದೆ. ೧೯೯೦ರಲ್ಲಿ ಡಲ್ಲಾಸ್ ಡೆನ್ನಿ ಎಂಬ ಮಹಿಳೆ ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರು ಅಮೆರಿಕನ್ ಎಜುಕೇಷನಲ್ ಜೆಂಡರ್ ಇನ್‌ಫರ್ಮೇಷನ್ ಸರ್ವಿಸ್, ಚಿಕ್ಕದಾಗಿ ‘ಏಜಿಸ್’. ಡೆನ್ನಿ ಸ್ವತಃ ಗಂಡೆಂದು ಹೆಸರು ಬರೆಸಿಕೊಂಡು ಹುಟ್ಟಿ ಹೆಣ್ಣಾಗಿ ಬಾಳಿದವರು. ಸಂಸ್ಥೆಗೆ ದೊಡ್ಡ ಕಟ್ಟಡವಿರಲಿಲ್ಲ. ಒಂದು ಅಂಚೆ ಪೆಟ್ಟಿಗೆಯ ವಿಳಾಸ, ಒಂದು ಟೆಲಿಫೋನು, ‘ಕ್ರಿಸಾಲಿಸ್’ ಎಂಬ ಒಂದು ಪತ್ರಿಕೆ, ಇಷ್ಟೇ ಅದರ ಬಂಡವಾಳ. ಯಾವ ವೈದ್ಯರು ನಂಬಿಕಸ್ಥರು, ಯಾವ ಔಷಧದಿಂದ ಏನು ಅಪಾಯ, ಕಾಯಿದೆ ಏನು ಹೇಳುತ್ತದೆ, ಮನೆಯವರಿಗೆ ಹೇಗೆ ತಿಳಿಹೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಅದರ ಕೆಲಸ.

ಇದಕ್ಕೊಂದು ಸಂಸ್ಥೆ ಏಕೆ ಬೇಕಾಯಿತು? ಏಕೆಂದರೆ ಜ್ಞಾನವೆಲ್ಲ ದೊಡ್ಡವರ ಕಪಾಟಿನಲ್ಲಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ೧೯೬೬ರಲ್ಲಿ ಇಂಥವರಿಗಾಗಿ ಒಂದು ಚಿಕಿತ್ಸಾಲಯ ತೆರೆಯಿತು. ೧೯೭೯ರಲ್ಲಿ ಶಸ್ತ್ರಕ್ರಿಯೆ ನಿಲ್ಲಿಸಿಬಿಟ್ಟಿತು. ತೆರೆಯುವಾಗಲೂ ಮುಚ್ಚುವಾಗಲೂ ರೋಗಿಗಳೆನಿಸಿದವರ ಅಭಿಪ್ರಾಯಕ್ಕೆ ಬೆಲೆಯಿರಲಿಲ್ಲ. ನಮ್ಮೂರ ಗಿರಣಿ ಮುಚ್ಚುವಾಗ ನಮ್ಮನ್ನು ಕೇಳಿದ್ದರೆ? ಹಾಗೆಯೇ ಅದೂ. ಅದಕ್ಕಾಗಿ ಈ ಜನ ತಮ್ಮ ವಿಷಯವನ್ನು ತಾವೇ ಓದಿಕೊಂಡರು, ತಾವೇ ಅಚ್ಚುಹಾಕಿದರು, ತಾವೇ ಒಬ್ಬರಿಗೊಬ್ಬರು ಕಲಿಸಿದರು. ಶಿಕ್ಷಣವೆಂದರೆ ಇದು. ಮಾಸ್ತರಿಕೆ ಮಾಡಿದ ನನ್ನ ಮಾತನ್ನು ನಂಬಿರಿ.

ಕೆಲಸ ನಡೆಯುತ್ತಿದ್ದಂತೆ ಕಾಗದ ಬೆಳೆಯಿತು. ಊರೂರಿನ ಸಂಘಗಳ ಸುದ್ದಿಪತ್ರಗಳು, ಪತ್ರಿಕೆಗಳ ತುಣುಕುಗಳು, ಸಮ್ಮೇಳನದ ಕಾರ್ಯಕ್ರಮ ಪಟ್ಟಿಗಳು, ಪುಸ್ತಕಗಳು, ಕಾಗದಗಳು ಎಲ್ಲ ಸೇರಿದವು. ಡೆನ್ನಿ ಒಂದನ್ನೂ ಎಸೆಯಲಿಲ್ಲ. ಅದಕ್ಕೊಂದು ಗ್ರಂಥಭಂಡಾರದ ರೂಪ ಕೊಟ್ಟು, ರಾಷ್ಟ್ರೀಯ ಟ್ರಾನ್ಸ್‌ಜೆಂಡರ್ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹ ಎಂದು ಹೆಸರಿಟ್ಟರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಏಜಿಸ್ ನಿಂತಿತು. ಸಂಘ ನಿಂತಾಗ ಕಾಗದ ರದ್ದಿಗೆ ಹೋಗುವುದೇ ಲೋಕರೂಢಿ. ಆದರೆ ೨೦೦೦ದಲ್ಲಿ ಆ ಸಂಗ್ರಹವೆಲ್ಲ ಮಿಚಿಗನ್ ವಿಶ್ವವಿದ್ಯಾನಿಲಯದ ಲಬಾಡಿ ಸಂಗ್ರಹಕ್ಕೆ ದಾನವಾಗಿ ಹೋಯಿತು.

ಈ ಲಬಾಡಿ ಯಾರು? ಇಲ್ಲಿ ಕೂಲಿಕಾರ ಬಂಧುಗಳು ಕಿವಿಗೊಡಬೇಕು. ಜೋ ಲಬಾಡಿ ಡೆಟ್ರಾಯಿಟಿನ ಒಬ್ಬ ಮುದ್ರಣ ಕೆಲಸಗಾರ, ಮೊಳೆ ಜೋಡಿಸುತ್ತಿದ್ದ ಮನುಷ್ಯ. ೧೮೭೮ರಲ್ಲಿ ಆ ಊರಿನಲ್ಲಿ ‘ನೈಟ್ಸ್ ಆಫ್ ಲೇಬರ್’ ಎಂಬ ಕೂಲಿಕಾರ ಸಂಘಟನೆಯ ಮೊದಲ ಶಾಖೆ ಕಟ್ಟಿದವರಲ್ಲಿ ಪ್ರಮುಖ. ೧೯೦೮ರಲ್ಲಿ ತನ್ನ ಲಕೋಟೆಗಳ ಮೇಲೆ ಅರಾಜಕತಾವಾದಿ ವಾಕ್ಯಗಳ ಚೀಟಿ ಅಂಟಿಸುತ್ತಿದ್ದನೆಂದು ಅಂಚೆಯವರು ಅವನ ಟಪಾಲು ತಡೆದರು. ಒಂದು ತಿಂಗಳಲ್ಲಿ ನೀರು ಸರಬರಾಜು ಮಂಡಲಿಯವರು ಗುಮಾಸ್ತಗಿರಿಯಿಂದ ತೆಗೆದರು. ಊರವರು ಗದ್ದಲವೆಬ್ಬಿಸಿದ್ದರಿಂದ ಎರಡೂ ಕಡೆಯವರು ಹಿಂದೆ ಸರಿಯಬೇಕಾಯಿತು. ಈ ಮನುಷ್ಯ ಕರಪತ್ರ, ಸಂಘದ ಪುಸ್ತಕ, ಕಾಗದ ಒಂದನ್ನೂ ಎಸೆಯದೆ ಕೂಡಿಸಿಟ್ಟು ೧೯೧೧ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ. ವಿದ್ವಾಂಸರು ಅದನ್ನು ತೆಗೆದುಕೊಂಡು ಬೀಗ ಹಾಕಿಟ್ಟರೇ ಹೊರತು ಬಿಚ್ಚಿ ನೋಡಲಿಲ್ಲ. ಆಗ್ನೆಸ್ ಇಂಗ್ಲಿಸ್ ಎಂಬ ಹೆಣ್ಣುಮಗಳು, ಸಿರಿವಂತರ ಮನೆಯಲ್ಲಿ ಹುಟ್ಟಿ ದುಡಿಯುವವರ ಪಕ್ಷ ಹಿಡಿದವಳು, ೧೯೨೪ರಿಂದ ೧೯೫೨ರಲ್ಲಿ ಸಾಯುವವರೆಗೂ ಕುಳಿತು ಒಂದೊಂದು ಕಾಗದವನ್ನೂ ವಿಂಗಡಿಸಿದಳು.

ಹೀಗೆ ಕೂಲಿಕಾರನೊಬ್ಬ ಕಟ್ಟಿದ ಮನೆಯಲ್ಲಿಯೇ ಎಂಬತ್ತೊಂಬತ್ತು ವರ್ಷಗಳ ತರುವಾಯ ಡೆಕೇಟರಿನ ಕಾಗದಗಳಿಗೆ ಜಾಗ ಸಿಕ್ಕಿತು. ಇಂದು ಮುಷ್ಕರದ ಕರಪತ್ರವೂ ಕ್ರಿಸಾಲಿಸ್ ಪತ್ರಿಕೆಯೂ ಒಂದೇ ಸೂರಿನಡಿ ಇವೆ. ಅವು ಒಂದೆಡೆ ಕೂಡಿದ್ದು ಆಕಸ್ಮಿಕವಲ್ಲ. ಮರ್ಯಾದಸ್ಥರ ಗ್ರಂಥಾಲಯ ಬೇಡವೆಂದ ಕಾಗದಕ್ಕೆ, ಬೇಡವೆನಿಸಿಕೊಂಡವರ ಗ್ರಂಥಾಲಯವೇ ಗತಿ.

ಕಾಗದದಿಂದ ಏನು ಪ್ರಯೋಜನ?

ಒಂದು ಉದಾಹರಣೆ ಕೊಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ೧೮೬೩ರಿಂದ ಒಂದು ಕಟ್ಟಳೆ ಇತ್ತು. ತನ್ನ ಲಿಂಗಕ್ಕೆ ಒಪ್ಪದ ಉಡುಪು ಉಟ್ಟವರನ್ನು ಪೊಲೀಸರು ಹಿಡಿಯಬಹುದು. ೧೯೬೬ರ ಆಗಸ್ಟಿನಲ್ಲಿ ಅಲ್ಲಿನ ಕಾಂಪ್ಟನ್ ಎಂಬ ಉಪಾಹಾರ ಗೃಹದಲ್ಲಿ ಪೊಲೀಸನೊಬ್ಬ ಇಂಥ ಒಬ್ಬಳ ಮೈಮೇಲೆ ಕೈಹಾಕಿದ. ಅವಳು ಬಿಸಿ ಕಾಫಿಯನ್ನು ಅವನ ಮುಖಕ್ಕೆ ಎರಚಿದಳು. ಬಟ್ಟಲು ಬಸಿಗಳು ಹಾರಾಡಿದವು, ಕಿಟಕಿ ಒಡೆದವು, ಬೀದಿಯೆಲ್ಲ ಕಾಳಗವಾಯಿತು. ಬೇರೆ ದಾರಿಯಿಲ್ಲದ ಜನ ಪೊಲೀಸರಿಗೆ ಎದುರು ನಿಂತ ದಿನವದು. ಆದರೆ ಆ ಊರಿನ ದೊಡ್ಡ ಪತ್ರಿಕೆಗಳು ಒಂದು ಸಾಲೂ ಬರೆಯಲಿಲ್ಲ. ಕಾಳಗ ನಡೆದೇ ಇಲ್ಲವೆಂಬಂತೆ ಮೂವತ್ತು ವರ್ಷ ಕಳೆಯಿತು.

ಆಮೇಲೆ ಸೂಸನ್ ಸ್ಟ್ರೈಕರ್ ಎಂಬ ಇತಿಹಾಸಕಾರ್ತಿ ಆ ಊರಿನ ಒಂದು ಸಣ್ಣ ದಾಖಲೆ ಸಂಗ್ರಹದಲ್ಲಿ ೧೯೭೨ರ ಒಂದು ಮೆರವಣಿಗೆಯ ಕಾರ್ಯಕ್ರಮ ಪುಸ್ತಿಕೆಯನ್ನು ಕಂಡರು. ಅದರಲ್ಲಿ ಈ ಘಟನೆಯ ಪ್ರಸ್ತಾಪ ಮಾತ್ರ ಇತ್ತು. ಆ ಎಳೆ ಹಿಡಿದು, ಬದುಕಿದ್ದ ಮುದುಕಿಯರನ್ನು ಹುಡುಕಿ ಮಾತಾಡಿಸಿ, ೨೦೦೫ರಲ್ಲಿ ಒಂದು ಚಿತ್ರ ಮಾಡಿದರು. ಒಂದು ಹಳೆಯ ಪುಸ್ತಿಕೆ ರದ್ದಿಗೆ ಹೋಗಿದ್ದರೆ ಆ ಹೋರಾಟವೂ ರದ್ದಿಗೆ ಹೋಗುತ್ತಿತ್ತು. ನಮ್ಮೂರ ಮುಷ್ಕರದಲ್ಲಿ ಲಾಠಿ ತಿಂದವರ ಹೆಸರು ಯಾವ ದೊಡ್ಡ ಪತ್ರಿಕೆಯಲ್ಲಿದೆ, ಹೇಳಿರಿ? ಅವು ಇದ್ದರೆ ಅಂಗಳದಲ್ಲಿ ಹರವಿದ ಆ ಕಾಗದಗಳಲ್ಲಿಯೇ ಇರಬೇಕು.

ಪೊಲೀಸರ ಪಟ್ಟಿ

ಕೆಲವರು ಕೇಳಬಹುದು: ಇಂಥವರ ವಿಷಯದಲ್ಲಿ ದಾಖಲೆಯೇ ಇಲ್ಲವೆ? ಇದೆ, ಬೇಕಾದಷ್ಟಿದೆ! ಆದರೆ ಬರೆದವರು ಯಾರು?

೧೮೭೧ರಲ್ಲಿ ಬ್ರಿಟಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮಾಡಿತು. ಅದರ ಎರಡನೆಯ ಭಾಗ ಹಿಜಡಾಗಳ ಮೇಲೆ. ಸಂಶಯವಿದೆ ಎಂಬಷ್ಟಕ್ಕೇ ಅವರ ಹೆಸರು ವಿಳಾಸಗಳನ್ನು ರಜಿಸ್ಟರಿನಲ್ಲಿ ಬರೆಯಬೇಕು. ಅವರ ಆಸ್ತಿಪಾಸ್ತಿಯ ವಿವರ ಪಡೆಯಬಹುದು. ಹೆಸರು ಬರೆಯಲ್ಪಟ್ಟವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಜನರ ಮುಂದೆ ಕುಣಿದರೆ, ಎರಡು ವರ್ಷದವರೆಗೆ ಸೆರೆ. ಅವರು ಮರಣಪತ್ರ ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಉತ್ತರ ಹಿಂದುಸ್ತಾನದ ಪ್ರಾಂತಗಳಲ್ಲಿ ಇದು ಜಾರಿಗೆ ಬಂತು. ೧೯೧೯ರಲ್ಲಿ ನಿಜಾಮರ ಹೈದರಾಬಾದು ಸಂಸ್ಥಾನವೂ ಅಂಥದೇ ಕಾಯಿದೆ ಬರೆಯಿತು. ಅಂದು ಗುಲ್ಬರ್ಗ, ರಾಯಚೂರು, ಬೀದರ ಆ ಸಂಸ್ಥಾನದ ಜಿಲ್ಲೆಗಳೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಆ ಕಾಯಿದೆ ತೆಲಂಗಾಣದ ಪುಸ್ತಕಗಳಲ್ಲಿ ಉಳಿದುಕೊಂಡೇ ಬಂದು, ೨೦೨೩ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟು ರದ್ದುಮಾಡಿತು. ಒಂದು ನೂರು ವರ್ಷದ ಮೇಲೆ!

ಇದು ಹಿಜಡಾಗಳ ಕತೆ ಮಾತ್ರ ಎಂದು ತಿಳಿದಿರಾ? ಅದೇ ಕಾಯಿದೆಯ ಮೊದಲ ಭಾಗ ಯಾರ ಮೇಲಿತ್ತು? ಅಲೆದು ಬದುಕುವ ಬಡ ಜಾತಿಗಳ ಮೇಲೆ. ಅದರ ಮುಂದಿನ ರೂಪಗಳ ಅಡಿಯಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಬೇಲಿ ಹಾಕಿದ ಸೆಟ್ಲಮೆಂಟುಗಳಾದವು. ಹಾಜರಿ ಕೂಗಿ ಎಣಿಸಿದ ಆ ಜನರನ್ನು ಗಿರಣಿ ಕೆಲಸಕ್ಕೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಇಂದಿಗೂ ಆ ಓಣಿಯ ಹೆಸರು ಸೆಟ್ಲಮೆಂಟೇ. ಆ ಕಾಯಿದೆ ರದ್ದಾದದ್ದು ೧೯೫೨ರಲ್ಲಿ. ಹಿಜಡಾಗಳ ಪಟ್ಟಿ, ಕೂಲಿಗಳ ಪಟ್ಟಿ ಎರಡನ್ನೂ ಬರೆದದ್ದು ಒಂದೇ ಕೈ, ಒಂದೇ ಶಾಯಿ.

ಬ್ರಿಟಿಷರು ಹೋದರು, ಪಟ್ಟಿಯ ಚಟ ಹೋಯಿತೆ? ಇಲ್ಲ. ೨೦೧೧ರಲ್ಲಿ ನಮ್ಮ ಕರ್ನಾಟಕ ಸರಕಾರವೇ ಪೊಲೀಸ್ ಕಾಯಿದೆಗೆ ೩೬ಎ ಎಂಬ ಕಲಮು ಸೇರಿಸಿತು. ಪೊಲೀಸರು ಸಂಶಯ ಬಂದ ಹಿಜಡಾಗಳ ಹೆಸರು ವಿಳಾಸದ ರಜಿಸ್ಟರು ಇಡಬಹುದೆಂದು ಅದು ಹೇಳಿತು. ೧೮೭೧ರ ಮಾತನ್ನೇ ನೂರನಲವತ್ತು ವರ್ಷಗಳ ಮೇಲೆ ನಕಲು ಹೊಡೆದರು! ಸ್ವತಂತ್ರ ದೇಶದ ಶಾಸನಸಭೆಗೆ ಇದು ಭೂಷಣವೆ? ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯವರು ಹೈಕೋರ್ಟಿಗೆ ಹೋದ ಮೇಲೆ ೨೦೧೬ರ ತಿದ್ದುಪಡಿಯಲ್ಲಿ ಆ ಶಬ್ದವನ್ನು ಅಳಿಸಿ ‘ವ್ಯಕ್ತಿ’ ಎಂದು ಬರೆದರು. ಬೇಲಿಯೇ ಎದ್ದು ಹೊಲ ಮೇಯ್ದಾಗ, ಹೊಲದವರು ಕೂಗದಿದ್ದರೆ ಯಾರು ಕೂಗಬೇಕು?

ಆದ್ದರಿಂದ ಎರಡು ಬಗೆಯ ಕಡತಗಳಿವೆಯೆಂದು ತಿಳಿಯಿರಿ. ಒಂದು, ನಿಮ್ಮ ಮೇಲೆ ಬರೆದದ್ದು. ಇನ್ನೊಂದು, ನೀವು ಬರೆದದ್ದು. ಮೊದಲನೆಯದನ್ನು ಸರಕಾರ ಬೀರುವಿನಲ್ಲಿಟ್ಟು ಕಾಯುತ್ತದೆ. ಎರಡನೆಯದನ್ನು ನಾವೇ ರದ್ದಿಯವರ ತಕ್ಕಡಿಗೆ ಹಾಕುತ್ತೇವೆ.

ಬರ್ಲಿನ್ನಿನ ಎಂಟು ದಿನ

ಇದಕ್ಕಿಂತಲೂ ಘೋರವಾದ ಪಾಠವೊಂದಿದೆ. ೧೯೧೯ರಲ್ಲಿ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡರು ಬರ್ಲಿನ್ನಿನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆ ತೆರೆದರು. ಲಿಂಗ ಬದಲಿಸಲು ಬಯಸಿದವರು ಅಲ್ಲಿ ಚಿಕಿತ್ಸೆ ಪಡೆದರು. ಕೆಲಸ ಸಿಗದವರಿಗೆ ಅಲ್ಲಿಯೇ ಮನೆಗೆಲಸ ಕೊಟ್ಟರು. ಹತ್ತು ಸಾವಿರಕ್ಕೂ ಮಿಕ್ಕ ಪುಸ್ತಕಗಳ ಭಂಡಾರ ಅಲ್ಲಿತ್ತು.

೧೯೩೩ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮೇ ೨ನೆಯ ತಾರೀಖು ನಾಜಿ ಪಡೆಗಳು ಜರ್ಮನಿಯ ಕೂಲಿಕಾರ ಸಂಘಗಳ ಕಚೇರಿಗಳಿಗೆ ನುಗ್ಗಿ ವಶಮಾಡಿಕೊಂಡವು. ಮೇ ೬ರಂದು ಹಿರ್ಷ್‌ಫೆಲ್ಡರ ಸಂಸ್ಥೆಗೆ ನುಗ್ಗಿದರು. ಮೇ ೧೦ರಂದು ಆ ಪುಸ್ತಕಗಳನ್ನು ಬೀದಿಯಲ್ಲಿ ಗುಡ್ಡೆ ಹಾಕಿ ಸುಟ್ಟರು. ಎರಡರಿಂದ ಹತ್ತಕ್ಕೆ ಎಂಟೇ ದಿನ! ಮೊದಲು ಸಂಘದ ಕಚೇರಿ, ಮಧ್ಯದಲ್ಲಿ ಇವರ ಮನೆ, ಕಡೆಗೆ ಬೆಂಕಿ. ತನ್ನ ಶತ್ರುಗಳು ಯಾರೆಂದು ಹಿಟ್ಲರನಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಮಿತ್ರರು ಯಾರೆಂದು ಮಾತ್ರ ಸಂಘದವರಿಗೆ ತಡವಾಗಿ ತಿಳಿಯಿತು. ಹಿರ್ಷ್‌ಫೆಲ್ಡರು ಪ್ಯಾರಿಸಿನ ಚಿತ್ರಮಂದಿರವೊಂದರ ವಾರ್ತಾಚಿತ್ರದಲ್ಲಿ ಆ ಬೆಂಕಿಯನ್ನು ಕಂಡರು. ೧೯೩೫ರಲ್ಲಿ ಪರದೇಶದಲ್ಲಿಯೇ ತೀರಿಕೊಂಡರು.

ಅದು ಹಿಟ್ಲರನ ಕಾಲ, ಈಗೇನು ಎನ್ನುವಿರಾ? ೨೦೨೫ರ ಜನವರಿ ೨೦ರಂದು ಅಮೆರಿಕದ ಅಧ್ಯಕ್ಷರು ಪದಗ್ರಹಣದ ದಿನವೇ ಒಂದು ಆಜ್ಞೆ ಹೊರಡಿಸಿದರು: ಸರಕಾರದ ಲೆಕ್ಕದಲ್ಲಿ ಗಂಡು ಹೆಣ್ಣು ಎರಡೇ. ತಿಂಗಳು ತುಂಬುವುದರೊಳಗೆ ಸರಕಾರಿ ಜಾಲತಾಣಗಳಿಂದ ಆರೋಗ್ಯ ಮಾಹಿತಿಯ ಪುಟಗಳು ಮಾಯವಾದವು. ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬಲ್ಲಿ ೧೯೬೯ರಲ್ಲಿ ನಡೆದ ದಂಗೆಯ ಸ್ಮಾರಕದ ಪುಟದಿಂದ ಫೆಬ್ರುವರಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಮಾತನ್ನೇ ತೆಗೆದುಹಾಕಿದರು. ಕೆಲವು ಆರೋಗ್ಯ ಪುಟಗಳನ್ನು ಮರಳಿ ಹಾಕಿರೆಂದು ನ್ಯಾಯಾಧೀಶರೇ ಹೇಳಬೇಕಾಯಿತು. ಈ ಸಲ ಬೆಂಕಿ ಬೇಕಾಗಲಿಲ್ಲ, ಒಂದು ಗುಂಡಿ ಒತ್ತಿದರೆ ಸಾಕಾಯಿತು. ಲಬಾಡಿಯ ಪೆಟ್ಟಿಗೆಯ ಬೆಲೆ ಈಗ ತಿಳಿಯಿತೆ? ಸರಕಾರ ಬರೆದದ್ದನ್ನು ಸರಕಾರ ಅಳಿಸಬಲ್ಲದು. ಜನ ಬರೆದು ಜನ ಇಟ್ಟದ್ದನ್ನು ಅಳಿಸುವುದು ಕಷ್ಟ.

ಮೂರು ಆಕ್ಷೇಪಣೆಗಳು

ಮೊದಲನೆಯದು: ಇವೆಲ್ಲ ಹೊಟ್ಟೆ ತುಂಬಿದ ಅಮೆರಿಕದವರ ಶೋಕಿ. ಹೌದು, ಅಲ್ಲಿಯೂ ಸಾಹುಕಾರರಿದ್ದರು. ರೀಡ್ ಎರಿಕ್‌ಸನ್ ಎಂಬ ಧನಿಕ ೧೯೬೪ರಲ್ಲಿ ತನ್ನ ಹೆಸರಿನ ಶಿಕ್ಷಣ ಪ್ರತಿಷ್ಠಾನ ಸ್ಥಾಪಿಸಿ ಪುಸ್ತಿಕೆ ಹಂಚಿದ, ವೈದ್ಯರಿಗೆ ಹಣ ಕೊಟ್ಟ. ತಾನೂ ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಿದವನು. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನೋಣ. ಆದರೆ ೧೯೭೭ರಲ್ಲಿ ಆ ಪ್ರತಿಷ್ಠಾನ ಮುಚ್ಚಿತು. ಒಬ್ಬರ ಥೈಲಿಯ ಮೇಲೆ ನಿಂತದ್ದು ಒಬ್ಬರ ಥೈಲಿಯ ಜೊತೆಗೇ ಹೋಗುತ್ತದೆ. ಅದಕ್ಕೇ ತರುವಾಯದವರು ಅಂಚೆ ಪೆಟ್ಟಿಗೆ, ಚಂದಾ, ಸ್ವಂತ ದುಡಿಮೆಗಳಿಂದ ಕಟ್ಟಬೇಕಾಯಿತು. ಎರಿಕ್‌ಸನ್ನನ ಕಾಗದಗಳೂ ಇಂದು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದಲ್ಲಿ ಭದ್ರವಾಗಿವೆ. ಆ ಸಂಗ್ರಹದ ಕಪಾಟುಗಳನ್ನು ಸಾಲಾಗಿ ಇಟ್ಟರೆ ಒಂದೂವರೆ ನೂರು ಮೀಟರಿಗೂ ಉದ್ದ. ಪ್ರತಿಷ್ಠಾನ ಸತ್ತರೂ ಕಾಗದ ಬದುಕಿತು, ನೋಡಿರಿ.

ಎರಡನೆಯದು: ಇದು ನಮ್ಮ ಸಂಸ್ಕೃತಿಯಲ್ಲ, ಪರದೇಶದಿಂದ ಬಂದ ರೋಗ. ಹೀಗೆನ್ನುವ ಅಂಗಡಿಕಾರ ಬಂಧುಗಳನ್ನು ನಾನು ಕೇಳುತ್ತೇನೆ: ಹೊಸ ಅಂಗಡಿ ತೆರೆದ ದಿನ ಹರಸಲು ಬಂದವರು ಯಾರು? ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳು ಅಮೆರಿಕದಿಂದ ಹಡಗಿನಲ್ಲಿ ಬಂದರೆ? ಜೋಗತಿ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಹರಕೆ ಬೇಕು, ಹಾಡು ಬೇಕು, ಆದರೆ ಮನುಷ್ಯರೆಂದು ಬರೆದಿಡುವುದು ಬೇಡ! ಇದೆಂಥ ಸಂಸ್ಕೃತಿ?

ಮೂರನೆಯದು ನಮ್ಮ ಹಿರಿಯ ಸಂಗಾತಿಯ ಮಾತು: ಮೊದಲು ಅನ್ನ, ಆಮೇಲೆ ಇದು. ಇದಕ್ಕೆ ಹಳೆಯ ಸಮಾಜವಾದಿಗಳೇ ಉತ್ತರ ಕೊಟ್ಟಿದ್ದಾರೆ. ಜರ್ಮನಿಯಲ್ಲಿ ಪುರುಷರ ನಡುವಿನ ಪ್ರೇಮವನ್ನು ಅಪರಾಧವೆಂದ ೧೭೫ನೆಯ ಕಲಮನ್ನು ತೆಗೆಯಬೇಕೆಂದು ಹಿರ್ಷ್‌ಫೆಲ್ಡರು ಮನವಿ ತಯಾರಿಸಿದಾಗ, ಸಹಿ ಮಾಡಿ ಪಾರ್ಲಿಮೆಂಟಿನಲ್ಲಿ ಎದ್ದುನಿಂತವರು ಕೂಲಿಕಾರರ ನಾಯಕ ಆಗಸ್ಟ್ ಬೆಬೆಲ್. ಅದು ೧೮೯೮ರ ಜನವರಿ. ಇಂಥವರು ಮೇಲಿನಿಂದ ಕೆಳಗಿನವರೆಗೆ ಎಲ್ಲ ವರ್ಗಗಳಲ್ಲಿಯೂ ಇದ್ದಾರೆ, ಪೊಲೀಸರು ಕಾಯಿದೆಯಂತೆ ನಡೆದರೆ ಹೊಸ ಸೆರೆಮನೆ ಕಟ್ಟಬೇಕಾದೀತು ಎಂಬುದು ಅವರ ವಾದದ ಸಾರಾಂಶ. ಬೆಬೆಲ್ಲರಿಗೆ ಅನ್ನದ ಪ್ರಶ್ನೆ ಗೊತ್ತಿರಲಿಲ್ಲವೆ? ಅವರು ಸ್ವತಃ ಮರಗೆಲಸದವರು. ಅನ್ನ ಮೊದಲು ಎಂಬುದು ನಿಜ. ಆದರೆ ಯಾರಿಗೆ ಕೆಲಸವನ್ನೇ ಕೊಡುವುದಿಲ್ಲವೋ ಅವರಿಗೂ ಅನ್ನವೇ ಮೊದಲು. ಅದನ್ನು ಹೇಗೆ ತಪ್ಪಿಸುತ್ತೇವೆಂಬುದಕ್ಕೆ ನನ್ನದೇ ಕತೆ ಹೇಳುತ್ತೇನೆ.

ನಾನು ಬರೆದ ಕೆಂಪು ಗೆರೆ

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಏಳನೆಯ ಇಯತ್ತೆಯಲ್ಲಿ ಒಂದು ಮಗುವಿತ್ತು. ಗಂಡೆಂದು ಹೆಸರು ದಾಖಲಾಗಿತ್ತು. ಲೆಕ್ಕದಲ್ಲಿ ಚುರುಕು. ಹುಡುಗಿಯರ ಸಾಲಿನಲ್ಲಿ ಕೂಡುತ್ತಿತ್ತು. ಒಂದು ದಿನ ಬಳೆ ತೊಟ್ಟು ಬಂತು. ನಾಲ್ಕು ಮನೆಯವರು ಬಂದು ಗಲಾಟೆ ಮಾಡಿದರು. ಆಡಳಿತದವರು ನನ್ನನ್ನು ಕರೆದು, ಹೆಸರು ಹೊಡೆದುಹಾಕಿರಿ, ಕಾರಣ ದೀರ್ಘ ಗೈರುಹಾಜರಿ ಎಂದು ಬರೆಯಿರಿ ಎಂದರು. ಆ ಮಗು ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಕೆಂಪು ಶಾಯಿಯ ಗೆರೆ ಎಳೆಯುವ ಹೊತ್ತಿಗೆ ಅದು ಪಾಟಿಚೀಲ ಹಿಡಿದು ಗೇಟಿನ ಹೊರಗೆ ನಿಂತಿತ್ತು. ನನಗೆ ಕಾಣುತ್ತಿತ್ತು. ನೌಕರಿ ಹೋದೀತೆಂದು ಹೆದರಿ ಬರೆದೆ.

ಎರಡು ವರ್ಷದ ಕೆಳಗೆ ಸಂತೆಯಲ್ಲಿ ಅಂಗಡಿ ಅಂಗಡಿಗೆ ಕೈಚಾಚುತ್ತಿದ್ದವರಲ್ಲಿ ಒಬ್ಬಳು ನನ್ನನ್ನು ಗುರುತು ಹಿಡಿದಳು. ೨೦೨೧ರಲ್ಲಿ ಕರ್ನಾಟಕ ಸರಕಾರ ತನ್ನ ನೌಕರಿಗಳಲ್ಲಿ ಇವರಿಗೆ ಶೇಕಡಾ ೧ರ ಮೀಸಲಾತಿ ಕೊಟ್ಟಿದೆಯಷ್ಟೆ. ಅವಳಿಗೆ ಓದು ಮುಂದುವರಿಸಿ ಅರ್ಜಿ ಹಾಕುವ ಆಸೆ. ಶಾಲೆಗೆ ಹೋಗಿ ದಾಖಲೆ ಕೇಳಿದ್ದಳು. ಅವರು ಪುಸ್ತಕ ತೆಗೆದು ತೋರಿಸಿದ್ದರು.

“ಸರ್ರ, ನಾ ಗೈರಹಾಜರ ಇದ್ನ್ಯಾ? ಅದರಾಗ ನಿಮ್ಮ ಅಕ್ಷರ ಐತ್ರಿ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾನು ಸ್ಟಾಂಪ್ ಕಾಗದದ ಮೇಲೆ ಬರೆದುಕೊಟ್ಟೆ: ಈ ವಿದ್ಯಾರ್ಥಿನಿ ಆ ದಿನ ಹಾಜರಿದ್ದಳು, ನಾನು ಬರೆದದ್ದು ಸುಳ್ಳು. ಆ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ತಿರುಗುತ್ತಿದೆ. ಸುಳ್ಳು ಬರೆಯಲು ಅರೆಗಳಿಗೆ ಹಿಡಿಯಿತು. ತಿದ್ದಲು ಎರಡು ವರ್ಷವೂ ಸಾಲದು. ೨೦೧೪ರಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತು. ತೀರ್ಪು ದೊಡ್ಡದು. ಆದರೆ ಅದು ನಮ್ಮ ಶಾಲೆಯ ಹಾಜರಿ ಪುಸ್ತಕದವರೆಗೆ ಇಳಿದು ಬರಬೇಡವೆ?

ಮಾಡತಕ್ಕದ್ದೇನು?

ನಮ್ಮ ನಾಡಿನಲ್ಲಿಯೂ ಕೆಲಸ ಆರಂಭವಾಗದೆ ಇಲ್ಲ. ೧೯೯೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಂಗಮ’ ಮೊದಲಿಗೆ ಪುಸ್ತಕ ದಾಖಲೆಗಳ ಕೇಂದ್ರವಾಗಿಯೇ ಕಣ್ಣುಬಿಟ್ಟಿತು. ೨೦೦೩ರಲ್ಲಿ ಪಿ.ಯು.ಸಿ.ಎಲ್. ಕರ್ನಾಟಕ ಶಾಖೆಯವರು ಬೆಂಗಳೂರಿನ ಹಿಜಡಾ ಮತ್ತು ಕೋತಿ ಸಮುದಾಯದವರ ಮೇಲಿನ ದೌರ್ಜನ್ಯಗ��ನ್ನು ಅವರ ಬಾಯಿಂದಲೇ ಕೇಳಿ ವರದಿ ಅಚ್ಚುಹಾಕಿದರು. ಸಂಗಮದಲ್ಲಿ ದುಡಿದ ಎ. ರೇವತಿಯವರು ತಮ್ಮ ಜನರ ಬಾಳುವೆಯ ಕತೆಗಳನ್ನು ಕೂಡಿಸಿ ೨೦೦೪ರಲ್ಲಿ ತಮಿಳಿನಲ್ಲಿ ಪುಸ್ತಕ ಮಾಡಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕಾಮ್ರಾ ಎಂಬ ದಾಖಲೆ ಭಂಡಾರವಿದೆ. ಆದರೆ ಎಲ್ಲವೂ ರಾಜಧಾನಿಯಲ್ಲಿ! ಜಿಲ್ಲೆಯಲ್ಲಿ ಬಾಳಿ ಸತ್ತವರ ಗುರುತು ಎಲ್ಲಿದೆ? ಜೋಗಪ್ಪನೊಬ್ಬ ಸತ್ತರೆ ಅವನ ಹಾಡು ಅವನ ಜೊತೆ ಹೋಗುತ್ತದೆ. ಅವನ ಟ್ರಂಕು ಅಣ್ಣತಮ್ಮಂದಿರ ಪಾಲಾಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ದಾಖಲೆ ಇಡುವುದೆಂದರೆ ಹೆಸರುಗಳನ್ನು ಚಾವಡಿಯಲ್ಲಿ ತೂಗುಹಾಕುವುದಲ್ಲ. ಒಬ್ಬರು ಗುಟ್ಟಾಗಿ ಬರೆದ ಕಾಗದ ಬಯಲಾದರೆ ಅವರ ಮನೆ, ನೌಕರಿ, ಪ್ರಾಣಕ್ಕೂ ಕುತ್ತು. ಯಾವುದನ್ನು ತೆರೆಯಬೇಕು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು ಎಂಬುದನ್ನು ಬರೆದವರೇ ನಿರ್ಧರಿಸಬೇಕು. ಪೊಲೀಸರ ಪಟ್ಟಿಗೂ ಜನರ ಪೆಟ್ಟಿಗೆಗೂ ಇರುವ ಭೇದ ಇಲ್ಲಿಯೇ: ಪಟ್ಟಿಯಲ್ಲಿ ಹೆಸರನ್ನು ಎಳೆದು ತಂದು ಬರೆಯುತ್ತಾರೆ, ಪೆಟ್ಟಿಗೆಯೊಳಗೆ ತಾವಾಗಿ ಇಡುತ್ತಾರೆ.

ನಮ್ಮ ಬೇಡಿಕೆಗಳು ಇಷ್ಟು. ಒಂದು: ಜಿಲ್ಲಾ ಗ್ರಂಥಾಲಯದಲ್ಲಿ ಕೂಲಿಕಾರ ಸಂಘಗಳ ಕಾಗದಗಳಿಗೂ ಈ ಜನರ ಕಾಗದಗಳಿಗೂ ಒಂದು ಬೀರು, ಒಂದು ಬೀಗ, ಒಬ್ಬ ಗುಮಾಸ್ತ ಬೇಕು. ಬೀಗದ ಕೈ ಕೊಟ್ಟವರ ಸಮಿತಿಯ ಬಳಿ ಇರಬೇಕು. ಎರಡು: ಹಳೆಯ ಸಂಸ್ಥಾನದ ಕಾಲದಿಂದ ಬರೆದ ಪೊಲೀಸ್ ರಜಿಸ್ಟರುಗಳಲ್ಲಿ ಯಾವುವು ಉಳಿದಿವೆಯೆಂದು ಸರಕಾರ ತಿಳಿಸಬೇಕು, ಹೆಸರುಗಳನ್ನು ಕಾಪಾಡಿ ಅವನ್ನು ಅಭ್ಯಾಸಕ್ಕೆ ತೆರೆಯಬೇಕು. ಮೂರು: ಸುಳ್ಳು ಕಾರಣ ಬರೆದು ಶಾಲೆಯಿಂದ ಹೊರದಬ್ಬಿದವರ ದಾಖಲೆ ತಿದ್ದಲು ಅರ್ಜಿ ಬಂದರೆ ಒಂದು ತಿಂಗಳಲ್ಲಿ ತೀರ್ಮಾನವಾಗಬೇಕು. ನಾಲ್ಕನೆಯದು ಸರಕಾರಕ್ಕಲ್ಲ, ನಮಗೇ: ಸಂಘದ ಕಚೇರಿಯಿಂದ ಒಂದು ಚೀಟಿಯೂ ರದ್ದಿಗೆ ಹೋಗಕೂಡದು.

ಅಂಗಳದ ಕಾಗದಗಳ ಗತಿ ಏನಾಯಿತೆಂದು ಓದುಗರು ಕೇಳಬಹುದು. ರದ್ದಿಯವರನ್ನು ಬರಿಗೈಯಲ್ಲಿ ಕಳಿಸಿದೆವು. ಅವರು ಗೊಣಗಿದ್ದು ನ್ಯಾಯವೇ. ಬಂದುಹೋದ ಕೂಲಿ ಕೊಟ್ಟೆವು. ಮಾರನೆಯ ದಿನ ಸಂತೆಯ ಆ ಹೆಣ್ಣುಮಗಳಿಗೆ ಹೇಳಿಕಳಿಸಿದೆ. ಲೆಕ್ಕದಲ್ಲಿ ಚುರುಕೆಂದು ಹೇಳಿದೆನಲ್ಲ. ಮೂರು ದಿನ ಕುಳಿತು ವರ್ಗಣಿ ರಸೀದಿಗಳನ್ನು ವರ್ಷವಾರು ಜೋಡಿಸಿದಳು. ಹಿರಿಯ ಸಂಗಾತಿ ದೂರ ಕುಳಿತು ನೋಡುತ್ತಿದ್ದವರು, ಎರಡನೆಯ ದಿನ ಹತ್ತಿರ ಬಂದು ಕುಳಿತರು. ಮೂರನೆಯ ದಿನ ಅವಳು ಒಂದು ಕಟ್ಟಿನಿಂದ ಅವರದೇ ಹೆಸರಿನ ಹಳೆಯ ಪಗಾರ ಚೀಟಿ ತೆಗೆದು ಕೈಯಲ್ಲಿಟ್ಟಳು. ಕಳೆದುಹೋಯಿತೆಂದು ಅವರು ಆಸೆ ಬಿಟ್ಟಿದ್ದ ಚೀಟಿ ಅದು. ಗ್ರಾಚ್ಯುಯಿಟಿ ಅರ್ಜಿಗೆ ಅದನ್ನು ಲಗತ್ತಿಸಿದ್ದೇವೆ.

ಅವಳ ಅರ್ಜಿಯೂ ಬಾಕಿ, ಅವರ ಅರ್ಜಿಯೂ ಬಾಕಿ. ಎರಡರ ನಕಲೂ ಈಗ ಒಂದೇ ಟ್ರಂಕಿನಲ್ಲಿವೆ. ಬರುವ ಸೋಮವಾರ ಎರಡಕ್ಕೂ ಕೂಡಿಯೇ ಜಿಲ್ಲಾ ಕಚೇರಿಗೆ ಹೋಗುವವರಿದ್ದೇವೆ. ಪಾಳಿ ಇಲ್ಲದವರು, ಅಂಗಡಿಗೆ ಅರ್ಧ ದಿನ ಬೀಗ ಹಾಕಬಲ್ಲವರು ಹತ್ತು ಗಂಟೆಗೆ ನಮ್ಮ ಕಚೇರಿಯ ಮುಂದೆ ಸೇರಿರಿ.